ಗೇಮಿಂಗ್ ಲ್ಯಾಪ್‌ಟಾಪ್ ಲಕ್ಷಣ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಹೇಳದೆ ಮುಂದಡಿ ಇಡುವಂತಿಲ್ಲ. ವಿಷಯ: ಆಟಕ್ಕೆಂದು ಕೊಳ್ಳುವ ಲ್ಯಾಪ್‌ಟಾಪಿನ ಲಕ್ಷಣ. ಪ್ರಯೋಜನ: ಲಕ್ಷದ ಆಸುಪಾಸಿನ ದ್ರವ್ಯ ಅಪಾತ್ರಕ್ಕೆ ದಾನವಾಗದಂತೆ ತಡೆಯುವುದು. ಸಂಬಂಧ: ತಂದೆಯ ಉಳಿತಾಯ ಖಾತೆಗೂ ಮಗನ ಹೆಬ್ಬೆರಳಿಗೂ ಇರುವಂಥದ್ದು. ಇನ್ನು ಅಧಿಕಾರಿ ಯಾರೆಂಬಲ್ಲಿ ವಿದ್ವಾಂಸರಲ್ಲಿ ಭೇದವಿದೆ. ಸಿಇಟಿ ಕೌನ್ಸೆಲಿಂಗಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕವನೊಬ್ಬನೇ ಅಧಿಕಾರಿಯೆಂದು ಒಂದು ಪಕ್ಷ. ಮೆಕ್ಯಾನಿಕಲ್ ಸಿಕ್ಕವನಿಗೂ ಆಟೋಕ್ಯಾಡ್ ಇರುವುದರಿಂದ ಅಧಿಕಾರವುಂಟೆಂದು ಇನ್ನೊಂದು. ಬಿಕಾಂ ಸೇರಿದವನಿಗೂ ಮುಂದೊಂದು ದಿನ ಭಾರೀ ಎಕ್ಸೆಲ್ ಫೈಲು ತೆರೆಯುವ ಪ್ರಸಂಗ ಬರಬಹುದೆಂದು ಮೂರನೆಯದು. ಮೂರನೆಯ ಪಕ್ಷದವರ ತರ್ಕವನ್ನು ನಾನು ಒಪ್ಪುವುದಿಲ್ಲ, ಧೈರ್ಯವನ್ನು ಮೆಚ್ಚುತ್ತೇನೆ.

ಸೂತ್ರ: ಕೋರಿಕೆಗೆ ಓದೇ ಕಾರಣ, ಆಟ ಆನುಷಂಗಿಕ.

ಭಾಷ್ಯ: ‘ಅಪ್ಪಾ, ಆಡೋಕೆ ಒಂದು ಲ್ಯಾಪ್‌ಟಾಪ್ ಕೊಡ್ಸಿ’ ಎಂಬ ವಾಕ್ಯ ಕನ್ನಡನಾಡಿನ ಯಾವ ಮನೆಯಲ್ಲೂ ಉಚ್ಚಾರವಾದದ್ದಕ್ಕೆ ಆಧಾರವಿಲ್ಲ. ಉಚ್ಚಾರವಾಗುವುದು ಇಷ್ಟೇ: ‘ಅಪ್ಪಾ, ಎಐ ಪ್ರಾಜೆಕ್ಟ್ ಮಾಡೋಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಂತೆ, ಸೀನಿಯರ್ಸೆಲ್ಲ ಹೇಳಿದ್ರು.’ ಇಲ್ಲಿ ಪೂರ್ವಪಕ್ಷದವನು ಏಳುತ್ತಾನೆ. ಎಂಜಿನಿಯರಿಂಗ್ ಶುರುವಿನಲ್ಲಿ ಕಲಿಸುವುದು ಸಿ ಭಾಷೆಯಲ್ಲವೇ? ಅದನ್ನು 1972ರ ಸುಮಾರಿಗೆ ಬೆಲ್ ಲ್ಯಾಬ್ಸಿನಲ್ಲಿ ಡೆನಿಸ್ ರಿಚಿ ಕಟ್ಟಿದ್ದು ಪಿಡಿಪಿ-11 ಎಂಬ ಯಂತ್ರದ ಮೇಲೆ. ಆ ಯಂತ್ರದ ಮೆಮೊರಿಗೆ ಇವತ್ತಿನ ಒಂದು ವಾಟ್ಸಾಪ್ ಸ್ಟಿಕ್ಕರು ಹಿಡಿಸಿದರೆ ಹೆಚ್ಚು. ಅಂಥ ಭಾಷೆಯಲ್ಲಿ ‘ಹಲೋ ವರ್ಲ್ಡ್’ ಬರೆಯಲು ಆರ್‌ಟಿಎಕ್ಸ್ ಕಾರ್ಡ್ ಯಾಕೆ? ಸಮಾಧಾನ: ಈ ಆಕ್ಷೇಪ ಎತ್ತಬೇಕಾದವರು ತಂದೆ, ಅವರಿಗೆ ಪಿಡಿಪಿ-11 ಗೊತ್ತಿಲ್ಲ, ಎತ್ತದ ಆಕ್ಷೇಪಕ್ಕೆ ಪರಿಹಾರ ಹೇಳುವುದು ಶಾಸ್ತ್ರಸಮ್ಮತವಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಕೋರಿಕೆ ಪೂರ್ತಿ ಸುಳ್ಳೂ ಅಲ್ಲ. ಎಐ ಮಾದರಿಗಳ ಪಾಠಕ್ಕೆ ಎನ್‌ವಿಡಿಯಾ ಚಿಪ್ಪು ಉಪಯೋಗಕ್ಕೆ ಬರುತ್ತದೆ. ಕೊನೇ ವರ್ಷದಲ್ಲಿ, ಒಂದೆರಡು ವಾರ.

ಆಡುವುದಾದರೂ ಯಾವ ಆಟ? ಹಾಸ್ಟೆಲ್ ಸಂಪ್ರದಾಯದಲ್ಲಿ ವ್ಯಾಲರೆಂಟಿಗೆ ಅಗ್ರಪೂಜೆ. 2020ರಲ್ಲಿ ಆ ಆಟ ಬಿಡುಗಡೆಯಾದಾಗ ತಯಾರಕರಾದ ರಾಯಟ್ ಕಂಪನಿಯವರೇ ಹೇಳಿದಂತೆ, ಸೆಕೆಂಡಿಗೆ 30 ಫ್ರೇಮ್ ಓಡಲು 2012ರ ಕಾಲದ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್ ಸಾಕು, 144 ಫ್ರೇಮಿಗೆ 2016ರ ಜಿಟಿಎಕ್ಸ್ 1050 ಟಿಐ ಸಾಕು. ಅಂದರೆ ಆಡುವ ಆಟಕ್ಕೆ ಕಾಲು ಭಾಗ ಶಕ್ತಿ, ಉಳಿದ ಮುಕ್ಕಾಲು ಮುಂದೆ ಬರಲಿರುವ ಆಟಗಳಿಗೆ. ಇದನ್ನು ಅನಾಗತವಾದ ಎನ್ನುತ್ತಾರೆ. ಬಾರದ ಆಟಕ್ಕೆ ಇವತ್ತೇ ದುಡ್ಡು ಕಟ್ಟಿ, ಆಟ ಬರುವ ಹೊತ್ತಿಗೆ ‘ಇದು ಹಳೇದಾಯ್ತಪ್ಪಾ’ ಎನ್ನುವುದು ಈ ವಾದದ ಪರಮಗತಿ.

ಇನ್ನು ಪ್ರಮಾಣ ವಿಚಾರ.

ಪ್ರತ್ಯಕ್ಷ ಪ್ರಮಾಣಕ್ಕೆ ಬೆಂಗಳೂರಿನಲ್ಲಿ ಪ್ರಸಿದ್ಧ ಕ್ಷೇತ್ರ ಸಾದರ್ ಪತ್ರಪ್ಪ ರಸ್ತೆ, ಲೋಕರೂಢಿಯಲ್ಲಿ ಎಸ್.ಪಿ. ರೋಡ್. ‘ಮುಟ್ಟಿ ನೋಡಿ ಸಾರ್’ ಎನ್ನುತ್ತಾರೆ ಅಂಗಡಿಯವರು. ಮುಟ್ಟಿದರೆ ತಿಳಿಯುವುದು ಮುಚ್ಚಳ ಪ್ಲಾಸ್ಟಿಕ್ಕೋ ಲೋಹವೋ ಎಂಬುದು. ನೋಡಿದರೆ ಕಾಣುವುದು ಕೀಬೋರ್ಡಿನ ಕೆಳಗೆ ಓಡುವ ಕೆಂಪು, ಹಸಿರು, ನೇರಳೆ ಬೆಳಕು, ಮತ್ತು ಕಂಪನಿಯವರೇ ತುಂಬಿಸಿಕೊಟ್ಟ ವಿಡಿಯೋ. ಆ ವಿಡಿಯೋ ಯಾವ ಲ್ಯಾಪ್‌ಟಾಪಿನಲ್ಲೂ ನಿಲ್ಲದೆ ಓಡುತ್ತದೆ; ಅಷ್ಟೇಕೆ, ಅಂಗಡಿಯವರ ಫೋನಿನಲ್ಲೂ ಓಡುತ್ತದೆ. ಬೆಳಕಿಗೂ ಗೆಲುವಿಗೂ ಕಾರ್ಯಕಾರಣ ಸಂಬಂಧವಿದೆಯೆಂದು ನಂಬುವವರು ಇದ್ದಾರೆ. ಅವರ ಜೊತೆ ವಾದಕ್ಕಿಳಿಯಬಾರದು, ಅವರು ಈಗಾಗಲೇ ಕೊಂಡಿರುತ್ತಾರೆ.

ಹೊರಗಿನಿಂದ ಕಾಣದ್ದೊಂದಿದೆ. ಈ ಗ್ರಂಥ ಹುಟ್ಟಿದ್ದೇ ಅದನ್ನು ಹೇಳುವುದಕ್ಕೆ.

ಸೂತ್ರ: ಹೆಸರು ಒಂದೇ, ವಾಟು ಬೇರೆ.

ಭಾಷ್ಯ: ಅಂಗೈ ಊರುವ ಜಾಗದಲ್ಲಿ ಅಂಟಿಸಿದ ಸ್ಟಿಕ್ಕರು ಆರ್‌ಟಿಎಕ್ಸ್ 4060 ಎಂದು ಹೇಳುತ್ತದೆ. ಆ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿನಲ್ಲೆಲ್ಲ 3072 ಕೋರುಗಳು, 8 ಜಿಬಿ ಮೆಮೊರಿ. ಆದರೆ ಅದಕ್ಕೆ ಎಷ್ಟು ವಿದ್ಯುತ್ ಉಣಿಸಬೇಕೆಂದು ತೀರ್ಮಾನಿಸುವವರು ಲ್ಯಾಪ್‌ಟಾಪ್ ಕಟ್ಟುವವರು, ಮತ್ತು ಎನ್‌ವಿಡಿಯಾ ಅವರಿಗೆ ಬಿಟ್ಟುಕೊಟ್ಟ ಅಂತರ 35 ವಾಟಿನಿಂದ 115 ವಾಟಿನವರೆಗೆ. ತಾತನ ಹೆಸರನ್ನೇ ಇಟ್ಟುಕೊಂಡ ಇಬ್ಬರು ಮೊಮ್ಮಕ್ಕಳಲ್ಲಿ ಒಬ್ಬನಿಗೆ ಹೊತ್ತಿಗೆ ಮೂರು ಮುದ್ದೆ, ಇನ್ನೊಬ್ಬನಿಗೆ ಒಂದು ಮುದ್ದೆ ಹಾಕಿ, ಇಬ್ಬರನ್ನೂ ಒಂದೇ ಗದ್ದೆಗೆ ಇಳಿಸಿದರೆ ಏನಾಗುತ್ತದೋ ಇಲ್ಲೂ ಅದೇ. ಹೊಟ್ಟೆ ತುಂಬ ಉಂಡ 4050, ಉಪವಾಸವಿದ್ದ 4060ನ್ನು ಮೀರಿಸಬಲ್ಲದು. ಬೆಲೆಪಟ್ಟಿಯಲ್ಲಿ ಮಾತ್ರ 4060 ಯಾವತ್ತೂ ಮೇಲೆಯೇ ಕೂತಿರುತ್ತದೆ.

ಈ ನಾಮಭ್ರಾಂತಿ ದೊಡ್ಡ ಮನೆತನದಲ್ಲಿ ಇನ್ನೂ ಜೋರು. ಮೇಜಿನ ಮೇಲಿಡುವ ಕಂಪ್ಯೂಟರಿನ ಆರ್‌ಟಿಎಕ್ಸ್ 4090 ಎಂದರೆ 16,384 ಕೋರು, 24 ಜಿಬಿ, 450 ವಾಟು. ಅದೇ 4090 ಹೆಸರು ಹೊತ್ತ ಲ್ಯಾಪ್‌ಟಾಪಿನಲ್ಲಿ 9,728 ಕೋರು, 16 ಜಿಬಿ, ಹೆಚ್ಚೆಂದರೆ 150 ವಾಟು, ಮೇಲೆ ಸ್ವಲ್ಪ ಬೂಸ್ಟು. ಪೆಟ್ಟಿಗೆಯ ಮೇಲೆ ‘ಲ್ಯಾಪ್‌ಟಾಪ್ ಜಿಪಿಯು’ ಎಂಬ ಬಾಲವಿರುತ್ತದೆ, ನಿಜ. ಬಾಲ ಓದುವ ಅಭ್ಯಾಸ ನಮ್ಮವರಿಗಿಲ್ಲ ಎಂಬುದು ಬಾಲ ಅಂಟಿಸಿದವರಿಗೆ ಗೊತ್ತು.

ಇತಿಹಾಸವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. 2017ರಲ್ಲಿ ಮ್ಯಾಕ್ಸ್-ಕ್ಯು ಎಂಬ ಬಿರುದು ಬಂತು. ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಕಡಿಮೆ ವಾಟಿನ ಚಿಪ್ಪಿದೆ ಎಂದು ಅದರಿಂದಲಾದರೂ ತಿಳಿಯುತ್ತಿತ್ತು. 2021ರಲ್ಲಿ ಆರ್‌ಟಿಎಕ್ಸ್ 30ರ ಸರಣಿ ಬಂದಾಗ ಹೆಸರಿನಿಂದ ಆ ಬಿರುದೂ ಜಾರಿತು, ಕೊಳ್ಳುವವರು ಕೂಗಿದರು, ಆಮೇಲೆ ವಾಟು ಎಷ್ಟೆಂದು ತಯಾರಕರು ಪ್ರಕಟಿಸಬೇಕೆಂದಾಯಿತು. ಪ್ರಕಟಿಸಿದ್ದಾರೆ. ವಿವರಪಟ್ಟಿಯ ತಳದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, ಟಿಜಿಪಿ ಎಂದೋ ಗರಿಷ್ಠ ಗ್ರಾಫಿಕ್ಸ್ ಪವರ್ ಎಂದೋ.

ಅಲ್ಲಿಗೆ ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ. ಅಂಗಡಿಯಲ್ಲಿ ಆಪ್ತನಾಗಿ ನಿಂತ ಹುಡುಗನನ್ನು ‘ಇದರ ಟಿಜಿಪಿ ಎಷ್ಟು?’ ಎಂದು ಕೇಳಿ. ‘ಎಂಟು ಜಿಬಿ ಸಾರ್’ ಎಂದು ಉತ್ತರ ಬರುತ್ತದೆ. ಇದರಿಂದ ಎದೆಗುಂದಬಾರದು. ಪೆಟ್ಟಿಗೆಯ ಪಕ್ಕದಲ್ಲಿರುವ ಪೂರ್ಣ ಮಾಡೆಲ್ ಸಂಖ್ಯೆಯನ್ನು ಬರೆದುಕೊಂಡು, ತಯಾರಕರ ವಿವರಪಟ್ಟಿಯನ್ನು ಫೋನಿನಲ್ಲೇ ತೆಗೆದು ತಾವೇ ಓದಬೇಕು. ಒಂದೇ ಸರಣಿಯ ಹೆಸರಿನಲ್ಲಿ ಹತ್ತಾರು ಮಾಡೆಲುಗಳಿರುವುದರಿಂದ ‘ನನ್ನ ಫ್ರೆಂಡೂ ಇದನ್ನೇ ತಗೊಂಡಿದಾನೆ’ ಎಂಬುದು ಆಪ್ತವಾಕ್ಯವಲ್ಲ, ಶ್ರುತಿಯೂ ಅಲ್ಲ, ಬರೀ ವದಂತಿ.

ಅನುಮಾನ ಪ್ರಮಾಣದಲ್ಲಿ ಮಾತ್ರ ನಮ್ಮ ತಾಯಂದಿರನ್ನು ಮೀರಿದ ನೈಯಾಯಿಕರಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ರೂಮಿನ ಬಾಗಿಲು ಮುಚ್ಚಿದ್ದರೂ ಒಳಗಿಂದ ಫ್ಯಾನಿನ ಭೋರ್ಗರೆತ ಕೇಳಿದರೆ ಅಡುಗೆಮನೆಯಿಂದ ನಿಗಮನ ಹೊರಡುತ್ತದೆ: ‘ಏನೋ, ಮತ್ತೆ ಶುರು ಹಚ್ಕೊಂಡ್ಯಾ?’ ಎಲ್ಲೆಲ್ಲಿ ಭೋರ್ಗರೆತವೋ ಅಲ್ಲಲ್ಲಿ ಆಟ ಎಂಬುದು ವ್ಯಾಪ್ತಿ. ಮಗ ಹೇತ್ವಾಭಾಸ ತೋರಿಸುತ್ತಾನೆ: ‘ಇಲ್ಲಮ್ಮಾ, ವಿಂಡೋಸ್ ಅಪ್‌ಡೇಟ್ ಆಗ್ತಿದೆ.’ ವ್ಯಭಿಚಾರ ದೋಷ ಸಿದ್ಧವಾಯಿತು. ಅಪ್‌ಡೇಟಿಗೂ ಫ್ಯಾನು ಕೂಗುವುದುಂಟು. ಆದರೆ ತಾಯಿ ಹೇಳುತ್ತಾರೆ, ಅಪ್‌ಡೇಟಿನ ಮಧ್ಯೆ ಯಾರೂ ‘ಹಿಂದೆ ನೋಡೋ, ಹಿಂದೆ!’ ಎಂದು ಕಿರುಚುವುದಿಲ್ಲ ಎಂದು. ಇದಕ್ಕೆ ಉತ್ತರಪಕ್ಷ ಇದುವರೆಗೆ ಹುಟ್ಟಿಲ್ಲ.

ಆ ಸದ್ದು ದೋಷವಲ್ಲ, ಧರ್ಮ. ಒಳಗೆ ಚಿಪ್ಪು ಉಂಡ ವಾಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಆದ್ದರಿಂದ ದೇಶಕಾಲ ವಿಚಾರ ಅಗತ್ಯ. ವಿಮರ್ಶಕರು ಎಸಿ ಕೋಣೆಯಲ್ಲಿ ಕೂತು ‘85 ಡಿಗ್ರಿ, ಪರವಾಗಿಲ್ಲ’ ಎನ್ನುತ್ತಾರೆ. ಅದೇ ಯಂತ್ರವನ್ನು ಮೇ ತಿಂಗಳಲ್ಲಿ ಕಲಬುರಗಿಗೆ ಒಯ್ದರೆ ಹೊರಗಿನ ಗಾಳಿಯೇ 40 ದಾಟಿರುತ್ತದೆ. ಹೊರಗೆ ಏರಿದಷ್ಟು ಒಳಗೂ ಏರಬೇಕು. 100ರ ಹತ್ತಿರ ಹೋಗುತ್ತಲೇ ಪ್ರೊಸೆಸರು ಪ್ರಾಣಭಯದಿಂದ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಓಡಿದ ಕುದುರೆ ಕಲಬುರಗಿಯಲ್ಲಿ ನಡೆಯುವುದಕ್ಕೆ ಕಾರಣ ಇದು. ತೆಳ್ಳಗಿನ ಮೈಯವಕ್ಕೆ ಈ ಕಷ್ಟ ಹೆಚ್ಚು. ಹಾಸಿಗೆಯ ಮೇಲೆ, ಅದರಲ್ಲೂ ರಗ್ಗಿನ ಮೇಲೆ ಇಟ್ಟು ಆಡುವವರಿಗೆ ಊರಿನ ಭೇದವೂ ಇಲ್ಲ. ಗಾಳಿ ಎಳೆದುಕೊಳ್ಳುವ ಕಿಂಡಿ ಇರುವುದು ತಳದಲ್ಲಿ.

ಉಪಮಾನ ಪ್ರಮಾಣವೆಂದರೆ ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗ. ‘ಅಲ್ಲಿ ಇದೇ ಲ್ಯಾಪ್‌ಟಾಪ್ ಎಷ್ಟು ಕಡಿಮೆ ಗೊತ್ತಾ!’ ಗೊತ್ತು. ಹದಿನೆಂಟು ತುಂಬಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದೆಂಬುದೂ ಸರಿ. ಅಣ್ಣ ತರುವುದೂ ಸರಿ, ಅವನ ಸೂಟ್‌ಕೇಸಿನಲ್ಲಿ ಅತ್ತಿಗೆಯ ಸಾಮಾನಿನ ನಡುವೆ ಜಾಗ ಉಳಿದರೆ. ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳದಿದ್ದರೆ, ಯಂತ್ರ ಕೆಟ್ಟ ದಿನ ಅಣ್ಣನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಈಗ ಪ್ಲಗ್ ಪ್ರಕರಣ. ಇದನ್ನು ಹಿಂದಿನ ಯಾವ ಆಚಾರ್ಯರೂ ಗಂಭೀರವಾಗಿ ಚರ್ಚಿಸಿಲ್ಲ. ನಮ್ಮ ದೇಶದಲ್ಲಿ ಮಾರುವ ಕೆಲವು ಗೇಮಿಂಗ್ ಲ್ಯಾಪ್‌ಟಾಪುಗಳ ಅಡಾಪ್ಟರಿಗೆ 16 ಆಂಪಿಯರಿನ ದಪ್ಪ ಕಾಲಿನ ಪ್ಲಗ್ಗು ಇರುತ್ತದೆ, ಗೀಸರಿಗೂ ಎಸಿಗೂ ಇರುವಂಥದ್ದು. ಅಡಾಪ್ಟರು 230 ವಾಟಿನದು, ನಮ್ಮ ಲೈನು 230 ವೋಲ್ಟಿನದು. ಭಾಗಿಸಿದರೆ ಒಂದು ಆಂಪಿಯರು. ನಷ್ಟ ಸೇರಿಸಿದರೂ ಒಂದೂಕಾಲು ದಾಟದು. ಒಂದು ಆಂಪಿಯರಿನ ಹಸಿವಿಗೆ ಹದಿನಾರು ಆಂಪಿಯರಿನ ಬಾಯಿ. ಹಾಸ್ಟೆಲ್ ರೂಮಿನಲ್ಲಿ ಇರುವುದು 6 ಆಂಪಿಯರಿನ ಸಾಕೆಟ್ಟು, 16ರದ್ದು ಇರುವುದು ಬಚ್ಚಲುಮನೆಯಲ್ಲಿ. ಹೀಗಾಗಿ ಲಕ್ಷ ರೂಪಾಯಿಯ ಯಂತ್ರ ಮೊದಲ ರಾತ್ರಿ ಪೆಟ್ಟಿಗೆಯಲ್ಲೇ ಮಲಗುತ್ತದೆ, ಬೆಳಿಗ್ಗೆ ಎಲೆಕ್ಟ್ರಿಕಲ್ ಅಂಗಡಿ ತೆಗೆದ ಮೇಲೆ ಕನ್ವರ್ಷನ್ ಪ್ಲಗ್ಗು ಬಂದು ಅದಕ್ಕೆ ಪ್ರಾಣಪ್ರತಿಷ್ಠೆಯಾಗುತ್ತದೆ. ಐಎಸ್‌ಐ ಗುರುತಿನದನ್ನೇ ತರಬೇಕು, ಅರ್ಥಿಂಗ್ ಪಿನ್ನು ಇರಬೇಕು. ಇದು ಹಾಸ್ಯವಲ್ಲ.

ಬ್ಯಾಟರಿಯಲ್ಲಿ ಆಡಬಹುದಲ್ಲ ಎಂಬ ಪೂರ್ವಪಕ್ಷಕ್ಕೆ ಗಣಿತವೇ ಉತ್ತರ. ಗ್ರಾಫಿಕ್ಸಿಗೆ 115, ಪ್ರೊಸೆಸರಿಗೆ 45, ಒಟ್ಟು 160 ವಾಟು. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವಾಟ್-ಅವರ್ ಆದ್ದರಿಂದ ತಯಾರಕರು ಅದರೊಳಗೇ ನಿಲ್ಲುತ್ತಾರೆ, 90ರದ್ದಿದೆ ಎಂದಿಟ್ಟುಕೊಳ್ಳಿ. ಪೂರ್ಣ ವೇಗದಲ್ಲಿ ಅರ್ಧ ಗಂಟೆ. ಅಷ್ಟೂ ಬೇಡವೆಂದು ವೈರು ಕಿತ್ತ ಕ್ಷಣದಲ್ಲೇ ಯಂತ್ರ ತನ್ನ ಶಕ್ತಿಯನ್ನು ಇಳಿಸಿಬಿಡುತ್ತದೆ. ಆದ್ದರಿಂದ ‘ಎಲ್ಲಿಗೆ ಬೇಕಾದ್ರೂ ತಗೊಂಡ್ಹೋಗ್ಬಹುದು’ ಎಂಬ ವಾಕ್ಯಕ್ಕೆ ‘ಗೋಡೆಯಿರುವಲ್ಲಿಗೆ’ ಎಂಬ ಅಧ್ಯಾಹಾರ ಸೇರಿಸಿಕೊಂಡು ಅರ್ಥ ಮಾಡಬೇಕು. ಎರಡೂವರೆ ಕಿಲೋ ಯಂತ್ರ, ಮುಕ್ಕಾಲು ಕಿಲೋ ಅಡಾಪ್ಟರು, ಬೆನ್ನು ಮಗನದು.

ಉಳಿದವು ಬೇಗ ಮುಗಿಯುತ್ತವೆ. ಪರದೆ 144 ಹರ್ಟ್ಜ್ ಎಂದು ಹಿಗ್ಗುವ ಮೊದಲು ಬಣ್ಣದ ಲೆಕ್ಕ ನೋಡಿ. 45 ಶೇಕಡಾ ಎನ್‌ಟಿಎಸ್‌ಸಿ ಎಂದಿದ್ದರೆ ದಾಸವಾಳವೂ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ನೂರು ಶೇಕಡಾ ಎಸ್‌ಆರ್‌ಜಿಬಿ ಇದ್ದರೆ ಮರುಮಾತಿಲ್ಲದೆ ಒಪ್ಪಿ. ರ‍್ಯಾಮು 16 ಜಿಬಿಯೆಂದರೆ ಒಂದೇ ಪಟ್ಟಿಯೋ, ಎಂಟೆಂಟರ ಎರಡೋ ಎಂದು ಕೇಳಿ. ಎರಡಿದ್ದರೆ ಆಟ ಸಲೀಸು. ಒಂದೇ ಇದ್ದು ಇನ್ನೊಂದು ಜಾಗ ಖಾಲಿಯಿದ್ದರೆ ಆಮೇಲೆ ಹಾಕಿಸಬಹುದು. ಗ್ರಾಫಿಕ್ಸ್ ಚಿಪ್ಪನ್ನು ನೇರವಾಗಿ ಪರದೆಗೆ ಜೋಡಿಸುವ ಮಕ್ಸ್ ಸ್ವಿಚ್ ಇದ್ದರೆ ಒಳ್ಳೆಯದು. ಕಂಪನಿಗಳ ಕುಲಗೋತ್ರದ ಜಗಳಕ್ಕೆ ಈ ಗ್ರಂಥದಲ್ಲಿ ಜಾಗವಿಲ್ಲ. ನಿಮ್ಮ ಊರಿನಲ್ಲಿ ಯಾವುದರ ಸರ್ವಿಸ್ ಸೆಂಟರ್ ಇದೆಯೋ ಅದೇ ಉತ್ತಮ ಕುಲ.

ಫಲಶ್ರುತಿ. ಇದನ್ನು ಅಂಗಡಿಗೆ ಹೋಗುವ ಮೊದಲು ಓದಿದವರು ವಾಟು ಕೇಳುವರು, ತೆಳ್ಳಗಿನದನ್ನು ಕಂಡು ಮರುಳಾಗರು, ಕನ್ವರ್ಷನ್ ಪ್ಲಗ್ಗನ್ನು ಜೊತೆಯಲ್ಲೇ ತರುವರು. ಕೊಂಡ ಮೇಲೆ ಓದಿದವರು ವಿವರಪಟ್ಟಿಯನ್ನು ತೆಗೆಯದಿರುವುದೇ ಲೇಸು. ಕೊನೆಯದಾಗಿ ಒಂದು ವಿಧಿವಾಕ್ಯ. ಲಕ್ಷ ರೂಪಾಯಿಯ ಬಿಲ್ಲಿನಲ್ಲಿ 18 ಶೇಕಡಾ ಜಿಎಸ್‌ಟಿಯ ಪಾಲು 15,254 ರೂಪಾಯಿ. ‘ಬಿಲ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ಕೊಡ್ತೀನಿ’ ಎಂದು ಯಾರಾದರೂ ಮೆಲ್ಲಗೆ ಹೇಳಿದರೆ ಒಪ್ಪಬೇಡಿ. ಬಿಲ್ಲು ತಗೊಳ್ಳಿ, ಅದರ ಮೇಲೆ ಸೀರಿಯಲ್ ನಂಬರು ಬರೆಸಿ, ಮನೆಗೆ ಬಂದ ತಕ್ಷಣ ಫೋಟೋ ತೆಗೆದಿಟ್ಟುಕೊಳ್ಳಿ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.