ಕೊಬ್ಬರಿ ಹೋರಿಯ ಹೃದಯ

ಅಗಡಿಯ ಅಕ್ಕನ ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ರದ್ದಿಗೆ ಹಾಕುವ ಮುನ್ನ ಅವನ ವಿಜ್ಞಾನದ ನೋಟ್‌ಬುಕ್ ತೆರೆದರೆ, ಹೃದಯ ಬರೆಯಬೇಕಾದ ಪುಟದಲ್ಲಿ ಹೋರಿ ಹಬ್ಬದ ಹೋರಿ! ಕೋಡಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ.

"ಇದೇನಲೇ?"

"ಹೃದಯನ ಮಾಮಾ. ನಂದು."

ಅವನ ಸಂಗೀತದ ರುಚಿಯೂ ಕಡಿಮೆಯದಲ್ಲ. ಟ್ರ್ಯಾಕ್ಟರ್ ಡಿಜೆ ಬಡಿತಕ್ಕೆ ಅಜ್ಜಿಯ ಡಬ್ಬಿಯೊಳಗಿನ ಬ್ಯಾಡಗಿ ಮೆಣಸಿನಕಾಯಿಗಳು ತಾವೇ ಬೀಜ ಉದುರಿಸುತ್ತವೆ.

ಸಾಹಿತ್ಯಕ್ಕಾದರೂ ಎಳೆಯೋಣವೆಂದು ಕಾದಂಬರಿಕಾರ ಗಳಗನಾಥರ ಕತೆ ತೆಗೆದೆ. 1907ರಲ್ಲಿ ಇದೇ ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಹೊರಟಿದ್ದು, ಅವರು ಪುಸ್ತಕ ಹೊತ್ತು ಊರೂರು ಮಾರಿದ್ದು, ಎಲ್ಲ ಹೇಳಿದೆ. ಕಣ್ಣರಳಿಸಿ ಕೇಳಿದ.

"ಫಾಲೋವರ್ಸ್ ಎಷ್ಟಿದ್ರು ಮಾಮಾ?"

ಈಗ ಹಾವೇರಿಯಲ್ಲಿ ಪಿಯುಸಿಗೆ ಅರ್ಜಿ ಹಾಕಿದ್ದಾನೆ. ವಿಜ್ಞಾನವೇ ಬೇಕಂತೆ. ಹೃದಯ ಇನ್ನೂ ಬರೆದಿಲ್ಲ.