ರೂಟಪ್ಪನ ಟೇಬಲ್ಲು

ವಳಕಮದಿನ್ನಿ, ಮಸ್ಕಿ, ಸಿಂಧನೂರು, ಲಿಂಗಸುಗೂರು ಎಲ್ಲಿಗೇ ಹೋಗಿ, ಇಂಥವನು ಒಬ್ಬ ಸಿಕ್ಕೇ ಸಿಗುತ್ತಾನೆ. ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ನೆಟ್‌ವರ್ಕ್ ಇಂಜಿನಿಯರ್. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದವನು, ಈಗಲೂ ತಿಂಗಳಲ್ಲಿ ಅರ್ಧ ಇಲ್ಲೇ. ಮೀಟಿಂಗ್ ಇದ್ದರೆ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ. ಮನೆಯವರಿಟ್ಟ ಹೆಸರು ಬೇರೆ. ಊರಿನ ಬಾಯಲ್ಲಿ ಅವನು ರೂಟಪ್ಪ.

ಅವನ ಕೆಲಸ ಏನೆಂದು ಹೆತ್ತವ್ವನಿಗೂ ಗೊತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನು ಬಂತೆಂದರೆ ಮಾಳಿಗೆ ಹತ್ತುತ್ತಾನೆ. ಕೆಳಗೆ ಸಿಗ್ನಲ್ ಎರಡು ಕಡ್ಡಿ, ಮೇಲೆ ಮೂರು. ಎಲ್ಲಿಯದೋ ಸ್ವಿಚ್ಚಿಗೆ ಲಾಗಿನ್ ಆಗಿ ‘ಶೋ ಐಪಿ ರೂಟ್’ ಎಂದು ಒತ್ತಿದರೆ ಕರಿ ಪರದೆಯ ತುಂಬ ಅಂಕಿಗಳು ಸುರಿಯುತ್ತವೆ. ಅದೇ ರೂಟಿಂಗ್ ಟೇಬಲ್ಲು, ಯಾವ ಜಾಲಕ್ಕೆ ಯಾವ ದಾರಿ ಎಂಬ ಪಟ್ಟಿ. ಪ್ರತಿ ಸಾಲಿನ ತಲೆಗೊಂದು ಅಕ್ಷರ. ಸಿ ಎಂದರೆ ಈ ಸ್ವಿಚ್ಚಿಗೇ ಅಂಟಿಕೊಂಡ ಜಾಲ. ಎಸ್ ಎಂದರೆ ಮನುಷ್ಯ ಕೈಯಾರೆ ಬರೆದಿಟ್ಟ ದಾರಿ. ಓ ಎಂದರೆ ಅಕ್ಕಪಕ್ಕದ ಯಂತ್ರಗಳು ದಾರಿ ಹೇಳಿಕೊಳ್ಳುವ ಓಎಸ್‌ಪಿಎಫ್ ಎಂಬ ಪ್ರೋಟೋಕಾಲು ಕಲಿಸಿದ್ದು. ಅಂಥದೇ ಇನ್ನೊಂದಾದ ಇಐಜಿಆರ್‌ಪಿಗೆ ಮಾತ್ರ ಡಿ. ಯಾಕೆಂದರೆ ಇಜಿಪಿ ಎಂಬ ಹಿರಿಯ ಪ್ರೋಟೋಕಾಲು ಮೊದಲೇ ಬಂದು ಇ ಸೀಟಿಗೆ ಟವೆಲ್ ಹಾಕಿತ್ತು. ಈ ಸಂಗತಿಯನ್ನು ರೂಟಪ್ಪ ಮದುವೆ ಪಂಕ್ತಿಯಲ್ಲೂ ಹೇಳುತ್ತಾನೆ, ಹೋಳಿಗೆ ಬಡಿಸುವವನನ್ನು ನಿಲ್ಲಿಸಿಕೊಂಡು.

ಟೇಬಲ್ಲು ತಲೆಗೇರಿದವನ ಲಕ್ಷಣಗಳು ಹಲವು. ದಾರಿ ಕೇಳಿದರೆ ಪೂರ್ತಿ ಹೇಳುವುದಿಲ್ಲ. 1915ರಲ್ಲಿ ಸಿಕ್ಕ, ಅಶೋಕನ ಹೆಸರೇ ಕೆತ್ತಿರುವ ಮಸ್ಕಿ ಶಾಸನ ನೋಡಲು ಬಂದವರಿಗೆ, “ಮುಂದಿನ ಕ್ರಾಸಿನ ತನಕ ಹೋಗ್ರಿ, ಅಲ್ಲಿ ಕೇಳ್ರಿ” ಎಂದುಬಿಡುತ್ತಾನೆ. ಟೇಬಲ್ಲಿನಲ್ಲೂ ಮುಂದಿನ ಹೆಜ್ಜೆ ಅಷ್ಟೇ ಇರುವುದು, ಇವನು ಹೆಚ್ಚಿಗೆ ಯಾಕೆ ಹೇಳಬೇಕು?

ಸುದ್ದಿ ನಂಬುವುದಕ್ಕೂ ಅಲ್ಲಿಯದೇ ಲೆಕ್ಕ. ಒಂದೇ ಜಾಲಕ್ಕೆ ಇಬ್ಬರು ಎರಡು ದಾರಿ ಹೇಳಿದರೆ ರೂಟರು ನಂಬಿಕೆಯ ಅಂಕಿ ನೋಡುತ್ತದೆ. ಅಂಕಿ ಕಡಿಮೆ ಇದ್ದಷ್ಟೂ ನಂಬಿಕೆ ಹೆಚ್ಚು. ನೇರ ಅಂಟಿಕೊಂಡದ್ದಕ್ಕೆ 0, ಕೈಬರಹಕ್ಕೆ 1, ಓಎಸ್‌ಪಿಎಫ್‌ಗೆ 110, ರಿಪ್ ಎಂಬ ಮುದಿ ಪ್ರೋಟೋಕಾಲಿಗೆ 120. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಊರೆಲ್ಲ ವಾಟ್ಸ್‌ಆ್ಯಪ್ ಹಿಡಿದು ಎದೆ ಬಡಿದುಕೊಳ್ಳುತ್ತಿದ್ದರೆ, ಇವನು ಕಟ್ಟೆಯ ಮೇಲೆ ಕೂತು ಅಂಕ ಹಾಕುತ್ತಿದ್ದ: “ಡ್ಯಾಮ್ ಹತ್ರ ನಿಂತು ನೋಡಿದವಂದು 0. ಇಂಜಿನಿಯರ್ ಹೇಳಿದ್ದು 1. ನಿಮ್ಮ ಬೀಗರ ಫಾರ್ವರ್ಡು 255, ಅದನ್ನ ರೂಟರ್ ಒಳಗೇ ಬಿಟ್ಕೊಳ್ಳಲ್ಲ.” ಬೀಗರು ಪಕ್ಕದಲ್ಲೇ ಇದ್ದರು.

ಒಂದು ರಾತ್ರಿ ಮಾಳಿಗೆಯ ಮೇಲೆ ಅವನ ಕಾಕಾನೂ ಇದ್ದರು. ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದ ರೈತ. ನಿದ್ದೆ ಕಡಿಮೆ, ಪ್ರಶ್ನೆ ಜಾಸ್ತಿ. ಅತ್ತ ಯಾವುದೋ ಬ್ರ್ಯಾಂಚಿನ ಬಿಲ್ಲಿಂಗ್ ನಿಂತಿತ್ತು. ರೂಟಪ್ಪ ಒಂದು ಸಾಲಿನ ಮೇಲೆ ಬೆರಳಿಟ್ಟ: ‘ಓ 10.20.30.0/24 [110/20] ವಯಾ 10.1.1.2, 00:00:41, ವಿಲ್ಯಾನ್ 10’.

“110 ನಂಬಿಕಿ, 20 ದಾರಿ ಖರ್ಚು. 10.1.1.2 ಅನ್ನಾಂವನ ಕೈಯಾಗ ಕೊಡಬೇಕು. ದಾರಿ ಐತಿ ಕಾಕಾ, ಎಲ್ಲಾ ಸರಿ ಐತಿ.”

“ಆ ನಲವತ್ತೊಂದು ಏನಪಾ?”

ರೂಟಪ್ಪ ಕನ್ನಡಕ ಏರಿಸಿದ. ಅದು ದಾರಿಯ ವಯಸ್ಸು. ಅಕ್ಕಪಕ್ಕದ ಸಾಲುಗಳಿಗೆ ಆರು ವಾರವಾಗಿದೆ, ಇದು ಹುಟ್ಟಿ 41 ಸೆಕೆಂಡು. ಮತ್ತೆ ಒತ್ತಿದರೆ ಸಾಲೇ ಮಾಯ; ಇನ್ನೊಮ್ಮೆ ಒತ್ತಿದರೆ 00:00:03. ದಾರಿ ಬಿದ್ದು ಏಳುತ್ತಿತ್ತು.

“ಹತ್ತು ಸೆಕೆಂಡಿಗೊಮ್ಮಿ ಹಲೋ ಅನ್ನಬೇಕು ಕಾಕಾ. ನಲವತ್ತು ಸೆಕೆಂಡ್ ಸುಮ್ನಿದ್ರ ಮಗ್ಗಲದಾಂವ ಸತ್ತ ಅಂತ ಲೆಕ್ಕ.”

“ನಲವತ್ತ ಸೆಕೆಂಡಾ? ನಾವು ಕಚೇರಿಯವ್ರಿಗೆ ವರ್ಷಗಟ್ಲೆ ಟೈಮ್ ಕೊಡ್ತೀವಲ್ಲೋ.”

ಆ ತುದಿಯವನಿಗೆ ಫೋನು ಹೋಯಿತು. ಅವನೂ ಒಬ್ಬ ರೂಟಪ್ಪನೇ. “ನಮ್ಮ ಕಡೆ ಎಲ್ಲ ಸರಿ ಇದೆ” ಎಂದ. ಇಬ್ಬರದೂ ಸರಿ ಇದ್ದು ನಡುವೆ ಮಾತ್ರ ಕೆಟ್ಟಿರುವ ಈ ಸ್ಥಿತಿಯಲ್ಲಿ ಅರ್ಧ ಗಂಟೆ ಕಳೆದ ಮೇಲೆ, ಅವನು ಫೈಬರಿನ ಮಾಡ್ಯೂಲ್ ಕಿತ್ತು ಮತ್ತೆ ಸಿಕ್ಕಿಸಿದ. ದಾರಿಯ ವಯಸ್ಸು ನಿಮಿಷಕ್ಕೇರಿತು, ಐದಾಯಿತು. ಪಿಂಗ್ ಕಳಿಸಿದರೆ ಉತ್ತರ ಮಾತ್ರ ಬರಲಿಲ್ಲ.

“ಪಟ್ಟಿಯಾಗ ನೀರು ಐತಿ, ಕಾಲುವ್ಯಾಗ ಇಲ್ಲ” ಎಂದರು ಕಾಕಾ. ನೀರು ಬಿಡುವ ವೇಳಾಪಟ್ಟಿಗಳನ್ನು ಅವರು ಬಹಳ ಕಂಡವರು.

ಹೋದದ್ದು ಸರಿಯಾಗಿ ಹೋಗಿತ್ತು, ಉತ್ತರಕ್ಕೆ ವಾಪಸು ದಾರಿ ಇರಲಿಲ್ಲ. ಆ ತುದಿಯ ಟೇಬಲ್ಲನ್ನು ಫೋಟೋ ತೆಗೆಸಿ ತರಿಸಿಕೊಂಡಾಗ ಒಂದು ಎಸ್ ಸಾಲು ಕಂಡಿತು: ಸರ್ವರ್ ಇರುವ ಜಾಲಕ್ಕೆ ಯಾರೋ ಎಂದೋ ‘ನಲ್ 0’ ಎಂದು ಕೈಯಾರೆ ಬರೆದು ಮರೆತಿದ್ದರು. ಕೈಬರಹದ ಅಂಕಿ 1. ಅದೇ ಜಾಲಕ್ಕೆ ಓಎಸ್‌ಪಿಎಫ್ ಸರಿಯಾದ ದಾರಿ ಹೇಳುತ್ತಿದ್ದರೂ ಅದರ 110ನ್ನು ಕೇಳುವವರಿಲ್ಲ.

“ನಲ್ ಜೀರೋ ಅಂದ್ರ?”

“ಕಸದ ಗುಂಡಿ ಕಾಕಾ. ಅಲ್ಲಿಗೆ ಹೋದದ್ದು ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ.”

ಕಾಕಾ ಬಗಲಕಿಸೆಗೆ ಕೈಹಾಕಿ, ನೀರಿನ ಅರ್ಜಿ ಕೊಟ್ಟಾಗ ಸಿಕ್ಕಿದ್ದ ಸ್ವೀಕೃತಿ ಚೀಟಿ ತೆಗೆದು, ಮಡಿಕೆ ಬಿಡಿಸಿ ಕೀಬೋರ್ಡಿನ ಮೇಲಿಟ್ಟರು. “ಇದರದೂ ಒಮ್ಮಿ ಟೇಬಲ್ ತೆಗದು ನೋಡು, ತಮ್ಮಾ.”

“ಆ ಸ್ವಿಚ್ಚಿನ ಪಾಸ್‌ವರ್ಡು ನನ್ನ ಹತ್ರ ಇಲ್ಲ ಕಾಕಾ” ಎಂದ ರೂಟಪ್ಪ.