ಬೈಟು ಕಾಫಿ, ಫುಲ್ ಮಾತು

ಈಚೆಗೆ ಬೆಂಗಳೂರಿನ ಹೋಟೆಲೊಂದರ ಗೋಡೆಯ ಮೇಲಿದ್ದ ಫಲಕದ ಫೋಟೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಈ ಜಾಗ ಊಟ ತಿಂಡಿಗೆ ಮಾತ್ರ, ರಿಯಲ್ ಎಸ್ಟೇಟ್ ಮತ್ತು ರಾಜಕೀಯದ ಚರ್ಚೆಗಲ್ಲ, ದಯವಿಟ್ಟು ಸಹಕರಿಸಿ ಎಂಬುದು ಅದರ ತಾತ್ಪರ್ಯ. ಮಾಲೀಕರ ಸಂಕಟ ನಿಜವಾದದ್ದೇ. ಒಂದು ಕಾಫಿ ಹೇಳಿ, ಅದನ್ನೂ ಬೈಟು ಮಾಡಿಸಿ, ದೇವನಹಳ್ಳಿ ಕಡೆಯ ಎರಡೆಕರೆಯನ್ನು ಮೂರು ಸಲ ಕೊಂಡು ಮಾರಿ, ಏಳುವ ಮುಂಚೆ ಒಂದು ಸರ್ಕಾರವನ್ನೂ ಬೀಳಿಸಿ ಹೋಗುವ ಗಿರಾಕಿಯಿಂದ ಹೋಟೆಲಿಗೆ ಏನು ಗಿಟ್ಟೀತು?

ಬಸವನಗುಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಮಾತ್ರ ಆ ಫೋಟೋ ನೋಡಿ ಎತ್ತಿದ ತಕರಾರೇ ಬೇರೆ. "ರಿಯಲ್ ಎಸ್ಟೇಟೂ ಬೇಡ, ರಾಜಕೀಯಾನೂ ಬೇಡ ಅಂದ್ರೆ ಬೆಂಗಳೂರಿನೋರಿಗೆ ಉಳಿಯೋದು ಟ್ರಾಫಿಕ್ ಒಂದೇ. ಅದನ್ನ ಮಾತಾಡೋಕೆ ಹೋಟೆಲಿಗೆ ಯಾಕ್ರೀ ಹೋಗ್ಬೇಕು? ರಸ್ತೇಲೇ ಬೇಕಾದಷ್ಟು ಟೈಮ್ ಸಿಗತ್ತಲ್ಲ!"

ಈ ಮಹನೀಯರದ್ದೊಂದು ಸಿದ್ಧಾಂತವಿದೆ. ಊರಿನ ಮಾತು ಕೆಡುವುದು ಜನರಿಂದಲ್ಲ, ಕುರ್ಚಿಯಿಂದ. ಜನ ಎಲ್ಲಿ, ಎಷ್ಟು ಹೊತ್ತು ಕೂರಬಹುದು ಎಂಬುದನ್ನು ಹೇಳಿದರೆ ಅವರು ಏನು ಮಾತಾಡುತ್ತಾರೆ ಎಂಬುದನ್ನು ತಾನು ಹೇಳಬಲ್ಲೆ ಎನ್ನುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಸಾಲ ಕೇಳುವವರನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡವರ ಮಾತು, ತಳ್ಳಿಹಾಕುವಂತಿಲ್ಲ.

ಮೊದಲ ಸಾಕ್ಷಿ ಜಗಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಲ್ಲಿ ಜನರನ್ನು ಬಲಿ ತೆಗೆದುಕೊಂಡ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಗಾಳಿ ಬೆಳಕಿನ ಬಡಾವಣೆಗಳು ತುಂಬಿಕೊಂಡವು. ಅಗಲವಾದ ರಸ್ತೆ, ಮನೆ ಮುಂದೆ ಅಂಗಳ, ಬಾಗಿಲ ಪಕ್ಕ ಒಂದು ಜಗಲಿ. ಸರ್ಕಾರ ಆರೋಗ್ಯಕ್ಕೆಂದು ಬಿಡಿಸಿದ ಜಾಗದಲ್ಲಿ ಜನ ಹರಟೆ ಸಾಕಿದರು. ಸಂಜೆ ದಾರಿಯಲ್ಲಿ ಹೋಗುವವರನ್ನು "ಬನ್ನಿ, ಕೂತ್ಕೊಳ್ಳಿ" ಎಂದರೆ ಮುಗಿಯಿತು. ಹೋಗುವವರು ಎಲ್ಲಿಗೆ ಹೊರಟಿದ್ದರು ಎಂಬುದು ಅವರಿಗೇ ಮರೆಯುತ್ತಿತ್ತು. ಈಗ ಅದೇ ಜಾಗದಲ್ಲಿ ಕಾರು ನಿಂತಿದೆ. ಕಾರಿಗೆ ಕೂರಲು ಬರುವುದಿಲ್ಲ, ಬೇರೆಯವರನ್ನೂ ಕೂರಗೊಡುವುದಿಲ್ಲ.

ಕೂತು ಮಾತಾಡಿದವರ ಪೈಕಿ ಕನ್ನಡದವರು ಇವತ್ತಿಗೂ ಹೆಸರು ಹೇಳುವುದು ಟಿ.ಪಿ. ಕೈಲಾಸಂ ಅವರದು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದು, ಸರ್ಕಾರಿ ನೌಕರಿ ಹಿಡಿದು, ಅದನ್ನು ಬಿಟ್ಟು ನಾಟಕಕ್ಕೆ ಬಿದ್ದ ಮನುಷ್ಯ. ಕಲ್ಲಿಗಿಂತ ಬಾಯಿ ವಾಸಿ ಅನ್ನಿಸಿರಬೇಕು. ತಮ್ಮ ಕೋಣೆಗೆ 'ನೂಕ್' ಎಂದು ಹೆಸರಿಟ್ಟು, ಅಲ್ಲಿ ಸಿಗರೇಟು ಸೇದುತ್ತಾ ಹೇಳುತ್ತಾ ಹೋದರೆ ಸ್ನೇಹಿತರು ಬರೆದುಕೊಳ್ಳುತ್ತಾ ಹೋಗುತ್ತಿದ್ದರು. ಅವರ ಪಾತ್ರಗಳು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಆಡುವ ಮಾತು ಬೆಂಗಳೂರಿನ ಮನೆಗಳಿಂದ ಎದ್ದು ಬಂದದ್ದು. ಇವತ್ತಿನ ಹುಡುಗರು ಭಾಷೆ ಬೆರೆಸುತ್ತಾರೆಂದು ಗೊಣಗುವ ಹಿರಿಯರು ಒಮ್ಮೆ 'ಹೋಂ ರೂಲು' ತೆಗೆದು ನೋಡುವುದು ಒಳ್ಳೆಯದು. ಶೀರ್ಷಿಕೆಯಿಂದಲೇ ಶುರುವಾಗಿದೆ.

ಡಿ.ವಿ.ಜಿ. ಅವರದು ಇನ್ನೊಂದು ಬಗೆ. ಸಂಗೀತಗಾರರು, ಶಾಸ್ತ್ರಿಗಳು, ದಿವಾನರು, ಅಮಲ್ದಾರರು ಯಾರು ಏನೆಂದರು, ಯಾವ ಧಾಟಿಯಲ್ಲಿ ಅಂದರು ಎಂಬುದನ್ನೆಲ್ಲ ನೆನಪಿಟ್ಟುಕೊಂಡು 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟ ಮಾಡಿದರು. ಕೇಳುವ ಕಿವಿಯೂ ಕೂತಿರಬೇಕು ಎಂಬುದಕ್ಕೆ ನಮ್ಮ ಮ್ಯಾನೇಜರು ಕೊಡುವ ಉದಾಹರಣೆ ಇದು. ಜ್ಞಾನಪೀಠ ಪಡೆದ ಮಾಸ್ತಿಯವರೂ ಬಸವನಗುಡಿಯ ಕ್ಲಬ್ಬಿಗೆ ಇಸ್ಪೀಟಾಡಲು ತಪ್ಪದೆ ಹೋಗುತ್ತಿದ್ದವರೇ.

ಕುರ್ಚಿಯ ಸುವರ್ಣಯುಗವೆಂದರೆ ಕಾಫಿ ಹೌಸಿನದು. ಕಾಫಿ ಬೋರ್ಡು ತನ್ನ ಅಂಗಡಿಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರು ಸಹಕಾರ ಸಂಘ ಕಟ್ಟಿಕೊಂಡು ತಾವೇ ನಡೆಸಲು ನಿಂತರು. ಆ ಬಗೆಯ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಬಿಳಿ ಸಮವಸ್ತ್ರ, ತಲೆಗೆ ಗರಿಯಂತೆ ಎದ್ದ ಪೇಟ, ಸೊಂಟಕ್ಕೆ ಅಗಲದ ಪಟ್ಟಿ. ಬಡಿಸುವವರು ಮಹಾರಾಜರಂತೆ, ಕುಡಿಯುವವರು ಬಾಕಿದಾರರಂತೆ. "ನೌಕರರೇ ಮಾಲೀಕರು ನೋಡಿ, ಅದಕ್ಕೇ ಎಬ್ಬಿಸೋ ಆತುರ ಯಾರಿಗೂ ಇರಲಿಲ್ಲ" ಎಂದು ಮ್ಯಾನೇಜರು ವಿಶ್ಲೇಷಿಸುತ್ತಾರೆ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸು 2009ರಲ್ಲಿ ಮುಚ್ಚಿ, ಚರ್ಚ್ ಸ್ಟ್ರೀಟಿಗೆ ಬಿಡಾರ ಬದಲಿಸಿತು. ಬದಲಾಯಿಸುವಾಗ ಮೇಜು, ಕಪ್ಪು, ಬಸಿ ಎಲ್ಲ ಸಾಗಿಸಬಹುದು. ಮೂಲೆಯ ಮೇಜಿನಲ್ಲಿ ಬೆಳಗ್ಗೆಯಿಂದ ಕೂತಿದ್ದವರ ವಾದವನ್ನು ಯಾವ ಲಾರಿಗೆ ತುಂಬುವುದು?

ಹೋಟೆಲಿನವರೆಲ್ಲ ಮಾತಿಗೆ ವಿರೋಧಿಗಳೆಂದೇನಲ್ಲ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಮಿತಿ ಹಾಕಿದಾಗ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ರುಚಿ ಕೆಡಿಸದೆ ನಷ್ಟದಲ್ಲೇ ಮಾರಿ, ದಿನದ ನಷ್ಟ ಎಷ್ಟೆಂದು ಬೋರ್ಡಿನಲ್ಲಿ ಬರೆದು ಹೊರಗೆ ಹಾಕುತ್ತಿತ್ತು. ಪತ್ರಿಕೆಗಳೇ ಬಾಯಿಗೆ ಬೀಗ ಹಾಕಿಸಿಕೊಂಡಿದ್ದ ಕಾಲದಲ್ಲಿ ಒಂದು ಹೋಟೆಲಿನ ಬೋರ್ಡು ಮಾತಾಡಿತು, ಅದೂ ಅಂಕಿಯಲ್ಲಿ. ಇಷ್ಟು ಚುಟುಕಾದ ರಾಜಕೀಯ ವ್ಯಂಗ್ಯ ಆಮೇಲೆ ಆ ರಸ್ತೆಯಲ್ಲಿ ಬಂದಿದೆಯೋ ಇಲ್ಲವೋ.

ಕುರ್ಚಿಗೆ ಕುತ್ತು ಬಂದದ್ದು 1983ರಲ್ಲಿ. ಜಯನಗರದಲ್ಲಿ ಕೆಫೆ ದರ್ಶಿನಿ ಬಾಗಿಲು ತೆರೆಯಿತು. ಟೋಕನ್ ತಗೊಳ್ಳಿ, ಇಡ್ಲಿ ತಗೊಳ್ಳಿ, ನಿಂತು ತಿನ್ನಿ, ಹೊರಡಿ. ಅಗ್ಗ, ಶುಚಿ, ಬೇಗ. ಬೇಡವೆನ್ನಲು ಕಾರಣವೇ ಇಲ್ಲ. ಊರ ತುಂಬ ದರ್ಶಿನಿಗಳಾದವು. ಎದೆಯೆತ್ತರದ ದುಂಡು ಮೇಜಿನ ಸುತ್ತ ಮೂವರು ಅಪರಿಚಿತರು, ಮೂರು ತಟ್ಟೆ, ನಡುವೆ ಯಾರದೆಂದು ಗೊತ್ತಿಲ್ಲದ ಒಂದು ಚಟ್ನಿ ಬಟ್ಟಲು. ಲೋಟದಲ್ಲಿ ಕಾಫಿಯ ಬಿಸಿ ಇರುವ ತನಕ ಮಾತು. ನಿಂತ ಕಾಲಿನ ಮೇಲೆ ಕಾದಂಬರಿ ಹುಟ್ಟುವುದಿಲ್ಲ ನಿಜ, ಆದರೆ ಹನಿಗವನಕ್ಕೆ ಅಡ್ಡಿಯಿಲ್ಲ. ಅಲ್ಲೇ ಒಂದು ಬೆಳಗ್ಗೆ ಮ್ಯಾನೇಜರು ಕಾಲು ಬದಲಿಸುತ್ತಾ ಪಕ್ಕದವರಿಗೆ ಹೇಳಿದ್ದು: "ಈಗ ನಮ್ಮನ್ನ ಪ್ರೀತಿಯಿಂದ ಕೂರಿಸೋರು ಊರಲ್ಲಿ ಇಬ್ಬರೇ ಸಾರ್. ಒಬ್ಬರು ಕ್ಷೌರದೋರು, ಇನ್ನೊಬ್ಬರು ಹಲ್ಲಿನ ಡಾಕ್ಟ್ರು. ಒಬ್ಬರು ಬಾಯಿ ಅಲ್ಲಾಡಿಸಬೇಡಿ ಅಂತಾರೆ, ಇನ್ನೊಬ್ಬರು ಬಾಯಿ ಮುಚ್ಚಬೇಡಿ ಅಂತಾರೆ. ಮಾತಾಡೋದು ಯಾವಾಗ?"

ಲಾಲ್‌ಬಾಗಿನ ಬಂಡೆಯ ಮೇಲೆ ಇನ್ನೂ ಪುಕ್ಕಟೆ ಕೂರಬಹುದು. ತೋಟದ ಟಿಕೆಟ್ಟಿನ ಮಾತು ಬೇರೆ. ಆ ಬಂಡೆಯ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ವಾಕಿಂಗ್ ಮುಗಿಸಿ ಅದರ ಮೇಲೆ ಕೂತ ಹಿರಿಯರ ಗುಂಪು ಮಾತಾಡುವುದು ಮೂವತ್ತು ನಲವತ್ತರ ಸೈಟಿನ ಬೆಲೆ. ತೊಂಬತ್ತರಲ್ಲಿ ಯಾರಿಗೆ ಯಾವ ಬಡಾವಣೆಯಲ್ಲಿ ಎಷ್ಟಕ್ಕೆ ಸಿಗುತ್ತಿತ್ತು, ಯಾರ ಹೆಂಡತಿ ಬೇಡವೆಂದರು ಎಂಬ ಪುರಾಣ ಬಿಸಿಲೇರುವ ತನಕ ನಡೆಯುತ್ತದೆ. ಹೋಟೆಲಿನ ಗೋಡೆಯಿಂದ ಗಡೀಪಾರಾದ ವಿಷಯಕ್ಕೆ ಇಲ್ಲಿ ಆಶ್ರಯ.

ಗಾಂಧಿಬಜಾರಿನ ಹೂವಿನವರು ಸೈಟಿನ ಚರ್ಚೆಯನ್ನು ಇನ್ನೂ ಚೊಕ್ಕವಾಗಿ ಮುಗಿಸುತ್ತಾರೆ. ಶುಕ್ರವಾರದ ಸಂಜೆ, ಬುಟ್ಟಿಯ ತುಂಬ ಮಲ್ಲಿಗೆ, ಒದ್ದೆ ಬಾಳೆಯೆಲೆ. ಕಾರಿನಿಂದಿಳಿದ ಗೃಹಿಣಿ ಮೊಳ ಹಾಕುವ ಕೈಯನ್ನೇ ನೋಡುತ್ತಾ, "ಏನಮ್ಮ, ನಿನ್ನ ಮೊಳ ವರ್ಷ ವರ್ಷಕ್ಕೂ ಗಿಡ್ಡ ಆಗ್ತಿದೆಯಲ್ಲ?" ಎಂದರು. ಹೂವಿನಾಕೆ ಕೈ ನಿಲ್ಲಿಸಲಿಲ್ಲ. "ಸೈಟು ಗಿಡ್ಡ ಆಗಿಲ್ವಾ ಅಕ್ಕಾ? ನಲವತ್ತು ಅರವತ್ತು ಇದ್ದಿದ್ದು ಇಪ್ಪತ್ತು ಮೂವತ್ತಾಯ್ತು. ಅದಕ್ಕೆ ಕೋಟಿ ಕೇಳಿದ್ರೂ ಸುಮ್ನೆ ಕೊಡ್ತೀರ. ಹೂವಿಗೆ ಮಾತ್ರ ಚೌಕಾಸಿ." ಅಕ್ಕ ನಕ್ಕು ಎರಡು ಮೊಳ ಜಾಸ್ತಿ ತಗೊಂಡರು. ವ್ಯಾಪಾರದ ಕಾಲೇಜುಗಳು ಈ ಪಾಠಕ್ಕೆ ಲಕ್ಷಗಟ್ಟಲೆ ಫೀಜು ತಗೊಳ್ಳುತ್ತವೆ.

ಸದ್ಯಕ್ಕೆ ಬೆಂಗಳೂರಿನಲ್ಲಿ ಉಳಿದಿರುವ ನಿಜವಾದ ಆಸನವೆಂದರೆ ಆಟೋದ ಹಿಂದಿನ ಸೀಟು. ಎಬ್ಬಿಸುವವರಿಲ್ಲ, ಟ್ರಾಫಿಕ್ಕಿನ ದಯೆಯಿಂದ ಸಮಯಕ್ಕೂ ಕೊರತೆಯಿಲ್ಲ. ಮಾತು ಕನ್ನಡಿಯ ಮೂಲಕ. ಚಾಲಕರ ಕಣ್ಣು ಮಾತ್ರ ಕಾಣುತ್ತದೆ. ಕನ್ನಡಿಯ ಪಕ್ಕ ಶಂಕರ್‌ನಾಗ್ ಚಿತ್ರ. 1980ರಲ್ಲಿ ಬಂದ 'ಆಟೋ ರಾಜ' ಅವರನ್ನು ಆಟೋದವರ ಮನೆದೇವರನ್ನಾಗಿ ಮಾಡಿತು. ಬೆಂಗಳೂರಿಗೆ ಮೆಟ್ರೋ ಬರಬೇಕೆಂದು ಅವರು ಅಂದೇ ಕನಸು ಕಂಡಿದ್ದರು ಎನ್ನುವುದು ಊರಿಗೆಲ್ಲ ಗೊತ್ತಿರುವ ಮಾತು. ಕಾಮಗಾರಿಯ ತಗಡಿನ ಬೇಲಿಯ ಪಕ್ಕ ಸಿಕ್ಕಿಹಾಕಿಕೊಂಡ ಒಬ್ಬ ಚಾಲಕರು ಚಿತ್ರಕ್ಕೂ ಹೊರಗಿನ ಕಂಬಕ್ಕೂ ಒಂದೊಂದು ನೋಟ ಹಾಕಿ, "ಅಣ್ಣ ಕಂಡಿದ್ದು ಮೆಟ್ರೋ, ನಮ್ಗೆ ಸಿಕ್ಕಿದ್ದು ಪಿಲ್ಲರು" ಎಂದರು. ಮೀಟರ್ ಹಾಕಿದ್ದೀರಾ ಎಂದು ಕೇಳಿದರೆ, "ಹಾಕಿದೀನಿ ಸಾರ್. ಮೀಟರ್ ಓಡ್ತಾ ಇದೆ, ಆಟೋ ಓಡ್ತಿಲ್ಲ."

ಇನ್ನೊಬ್ಬ ಚಾಲಕರ ಅನುಭವ ಇದಕ್ಕಿಂತ ಮೇಲು. ಸಿಲ್ಕ್ ಬೋರ್ಡ್ ಕಡೆಗೆ ಹೊರಟ ಹುಡುಗನೊಬ್ಬ ಆಟೋದಲ್ಲೇ ಲ್ಯಾಪ್‌ಟಾಪ್ ತೆರೆದು, ಕಿವಿಗೆ ಸಿಕ್ಕಿಸಿಕೊಂಡು ಆಫೀಸಿನ ಮೀಟಿಂಗಿಗೆ ಕೂತ. ನೆಟ್‌ವರ್ಕ್ ಕೈಕೊಡುತ್ತಿತ್ತು. "ಆಮ್ ಐ ಆಡಿಬಲ್?" ಎಂದ. ಉತ್ತರವಿಲ್ಲ. ಮತ್ತೆ ಜೋರಾಗಿ, "ಹಲೋ, ಆಮ್ ಐ ಆಡಿಬಲ್?" ಎಂದಾಗ ಮುಂದಿನಿಂದ ಸಮಾಧಾನದ ದನಿ: "ಕೇಳಿಸ್ತಿದೆ ಸಾರ್, ಹೇಳಿ." ದಾರಿಯುದ್ದಕ್ಕೂ ಹುಡುಗ ಹೇಳಿದ, ಯಾರಿಗೆ ಕೇಳಿಸಿತೋ ಬಿಟ್ಟಿತೋ, ಚಾಲಕರಂತೂ ಪೂರ್ತಿ ಕೇಳಿಸಿಕೊಂಡರು. ಇಳಿದು ಫೋನಿನಲ್ಲಿ ದುಡ್ಡು ಕಳಿಸುತ್ತಿದ್ದವನಿಗೆ ಅವರು ತಗ್ಗಿದ ದನಿಯಲ್ಲಿ ಒಂದು ಸಲಹೆಯನ್ನೂ ಕೊಟ್ಟರು: "ಶುಕ್ರವಾರಕ್ಕೆ ಮುಗ್ಸಿ ಕೊಡ್ತೀನಿ ಅಂತ ಒಪ್ಕೊಬೇಡಿ ಸಾರ್. ಟೆಸ್ಟಿಂಗೇ ಆಗಿಲ್ಲ ಅಂತೀರ. ಸೋಮವಾರ ಅನ್ನಿ."